ಗುಮಾಸ್ತನ ಬಡ್ತಿ: ಒಂದು ಗೆರೆಯ ಇತಿಹಾಸ

ಸರಕಾರಿ ಕಚೇರಿಯನ್ನು ಕಿರಿಯ ಗುಮಾಸ್ತನಾಗಿ ಸೇರಿದವನು ನಿವೃತ್ತನಾಗುವ ವೇಳೆಗೆ ಯಾವ ಪದವಿಯನ್ನು ಮುಟ್ಟಬಲ್ಲನು? ಉತ್ತರವನ್ನು ಅವನ ಯೋಗ್ಯತೆಯಲ್ಲಿ ಮಾತ್ರ ಅರಸಿದರೆ ಸಾಲದು. ಅವನು ಹುಟ್ಟುವ ಮೊದಲೇ ಎಳೆದಿದ್ದ ಒಂದು ಗೆರೆಯಲ್ಲಿಯೂ ಅರಸಬೇಕು.

ಆ ಗೆರೆಯನ್ನು ಎಳೆದವರು ಇಂಗ್ಲೆಂಡಿನ ಸ್ಟಾಫರ್ಡ್ ನಾರ್ತ್‌ಕೋಟ್ ಮತ್ತು ಚಾರ್ಲ್ಸ್ ಟ್ರೆವೆಲ್ಯನ್. ಟ್ರೆವೆಲ್ಯನ್ ಭಾರತಕ್ಕೆ ಅಪರಿಚಿತನಲ್ಲ. 1826ರಲ್ಲಿ ಕಂಪನಿಯ ಸೇವೆಗೆ ಸೇರಿದ್ದವನು, 1859ರಲ್ಲಿ ಮದರಾಸಿನ ಗವರ್ನರನಾದವನು. 1853ರಲ್ಲಿ ಸಿದ್ಧವಾಗಿ ಮರುವರ್ಷ ಪ್ರಕಟವಾದ ಇವರ ವರದಿಯು ಬ್ರಿಟಿಷ್ ಆಡಳಿತದ ರೋಗವನ್ನು ಸರಿಯಾಗಿಯೇ ಗುರುತಿಸಿತು. ನೇಮಕವು ವಶೀಲಿಯಿಂದ, ಬಡ್ತಿಯು ಹಿರಿತನದಿಂದ ಆಗುತ್ತಿತ್ತು. ತರುಣರು ವರ್ಷಗಟ್ಟಲೆ ಕಾಗದಗಳ ನಕಲು ಮಾಡುತ್ತ ಬುದ್ಧಿಯ ಚುರುಕನ್ನು ಕಳೆದುಕೊಳ್ಳುತ್ತಿದ್ದರು. ಪರೀಕ್ಷೆಯಿಂದ ನೇಮಕ, ಯೋಗ್ಯತೆಯಿಂದ ಬಡ್ತಿ ಎಂಬುದೇ ವರದಿಯು ಸೂಚಿಸಿದ ಮದ್ದು. ಅದರೊಡನೆ ಬುದ್ಧಿಯ ಕೆಲಸ ಬೇರೆ, ಯಾಂತ್ರಿಕ ಕೆಲಸ ಬೇರೆ ಎಂಬ ವಿಭಜನೆಯೂ ಬಂದಿತು.

ಪರೀಕ್ಷೆಗಾಗಿ 1855ರಲ್ಲಿ ಸಿವಿಲ್ ಸರ್ವಿಸ್ ಕಮಿಷನ್ ಸ್ಥಾಪಿತವಾಯಿತು. 1870ರಲ್ಲಿ ಮುಕ್ತ ಸ್ಪರ್ಧೆ ನಿಯಮವಾಯಿತು. ಪ್ಲೇಫೇರ್ ಆಯೋಗದ ಸಲಹೆಯ ಮೇರೆಗೆ 1876ರ ರಾಜಾಜ್ಞೆಯು ಕೆಳ ವಿಭಾಗದ ಗುಮಾಸ್ತರ ವರ್ಗವನ್ನು ನಿರ್ಮಿಸಿತು. ಅಲ್ಲಿಂದ ಮೇಲಿನ ವಿಭಾಗಕ್ಕೆ ಏರುವುದು ಹಕ್ಕಾಗಿರಲಿಲ್ಲ, ಅಪವಾದವಾಗಿತ್ತು. ನಕಲಿನ ಕೆಲಸವು ಮನುಷ್ಯನನ್ನು ಕುಗ್ಗಿಸುವುದೆಂದು ಕಂಡುಕೊಂಡ ವರದಿಯೇ ಒಂದು ವರ್ಗವನ್ನು ಜೀವಮಾನವೆಲ್ಲ ಅದಕ್ಕೆ ಕಟ್ಟಿಹಾಕುವ ವ್ಯವಸ್ಥೆಗೆ ದಾರಿಮಾಡಿತು. 1834ರಲ್ಲಿ ಅಂಚೆ ಇಲಾಖೆಗೆ ಕಿರಿಯ ಗುಮಾಸ್ತನಾಗಿ ಸೇರಿ ಸರ್ವೇಯರ್ ಪದವಿಗೇರಿದ ಕಾದಂಬರಿಕಾರ ಆಂಥನಿ ಟ್ರಾಲಪ್ ತನ್ನ 'ದಿ ತ್ರೀ ಕ್ಲಾರ್ಕ್ಸ್' ಕೃತಿಯಲ್ಲಿ ಈ ಪರೀಕ್ಷಾಪದ್ಧತಿಯನ್ನು ಪರಿಹಾಸ ಮಾಡಿದುದು ಅಕಾರಣವಲ್ಲ.

ಭಾರತದ ಕೇಂದ್ರ ಸಚಿವಾಲಯದಲ್ಲಿಯೂ 'ಲೋವರ್ ಡಿವಿಜನ್', 'ಅಪ್ಪರ್ ಡಿವಿಜನ್' ಎಂಬ ಹೆಸರುಗಳು ಬೇರೂರಿದವು. ಇಲ್ಲಿ ಕೆಳಗಿನಿಂದ ಮೇಲೇರಲು ಹಿರಿತನ, ಇಲಾಖಾ ಪರೀಕ್ಷೆಗಳೆಂಬ ಮೆಟ್ಟಿಲುಗಳು ಇದ್ದರೂ, ಮೇಲಿನ ಸ್ಥಾನ ತೆರವಾಗದೆ ಅವು ಫಲಿಸವು. ಹೀಗೆ ನಿಂತಲ್ಲೇ ನಿಂತವರಿಗಾಗಿ 1999ರ ಯೋಜನೆಯೊಂದು 12 ಮತ್ತು 24 ವರ್ಷಗಳ ಸೇವೆಯ ತರುವಾಯ ಮೇಲಿನ ವೇತನವನ್ನು ಒದಗಿಸಿತು. 2008ರಿಂದ ಅನ್ವಯಿಸಿದ ಪರಿಷ್ಕೃತ ಯೋಜನೆ ಅದನ್ನು 10, 20, 30 ವರ್ಷಗಳಿಗೆ ಹೊಂದಿಸಿತು. ಸಂಬಳವೇನೋ ಏರಿತು, ಪದನಾಮವೂ ಹೊಣೆಯೂ ಇದ್ದಲ್ಲಿಯೇ ಉಳಿದವು.

ಪರೀಕ್ಷೆಯ ಉಪಕಾರವನ್ನು ಮರೆಯಲಾಗದು. ಬಂಧುಬಳಗದ ಬೆಂಬಲವಿಲ್ಲದೆ ದಿಲ್ಲಿ, ಮುಂಬಯಿಗಳನ್ನು ಸೇರಿದ ಎಷ್ಟೋ ಕನ್ನಡ ತರುಣರಿಗೆ ಕಚೇರಿಯ ಬಾಗಿಲನ್ನು ತೆರೆದುದು ಅದೇ. ಆದರೆ ಬಾಗಿಲು ತೆರೆಯುವುದು ಬೇರೆ, ಮಹಡಿಗೆ ಮೆಟ್ಟಿಲು ಕಟ್ಟುವುದು ಬೇರೆ. ಮೊದಲನೆಯದನ್ನು ಸಾಧಿಸಿದ ಸುಧಾರಣೆಯು ಎರಡನೆಯದನ್ನು ಅರ್ಧಕ್ಕೇ ನಿಲ್ಲಿಸಿತು.