ಮೇಲ್ ಸರ್ವರ್ ಪ್ರಮಾಣಪತ್ರ ದೋಷ

ಇಮೇಲ್ ಆ್ಯಪ್ ಸುರಕ್ಷಿತ ಸಂಪರ್ಕಕ್ಕೆ ಯತ್ನಿಸಿದಾಗ, ಸರ್ವರ್ ತೋರಿಸಿದ ಪ್ರಮಾಣಪತ್ರವನ್ನು ನಂಬಲಾಗದೆ ನೀಡುವ ಎಚ್ಚರಿಕೆ. ಪ್ರಮಾಣಪತ್ರವೆಂದರೆ ಸರ್ವರ್‌ನ ಗುರುತಿನ ಚೀಟಿ. ಅದರಲ್ಲಿರುವ ಹೆಸರು, ಅವಧಿ, ಸಹಿ ಮಾಡಿದ ಸಂಸ್ಥೆ ಈ ಮೂರನ್ನೂ ಆ್ಯಪ್ ಪರಿಶೀಲಿಸುತ್ತದೆ.

ಮೊದಲು ಫೋನಿನ ದಿನಾಂಕ ಸರಿಯಿದೆಯೇ ನೋಡಬೇಕು. ತಪ್ಪಿದ್ದರೆ ಚಾಲ್ತಿಯಲ್ಲಿರುವ ಪತ್ರವೂ ಅವಧಿ ಮೀರಿದಂತೆ ಕಾಣಬಹುದು. ಹಲವರು ಹಂಚಿಕೊಳ್ಳುವ ಹೋಸ್ಟಿಂಗ್‌ನಲ್ಲಿ ಪತ್ರ ಹೋಸ್ಟಿಂಗ್ ಕಂಪನಿಯ ಹೆಸರಿನಲ್ಲಿರುವುದುಂಟು. ಆಗ ಸ್ವಂತ ಡೊಮೇನ್ ಬದಲು ಕಂಪನಿ ಕೊಟ್ಟ ಸರ್ವರ್ ಹೆಸರನ್ನೇ ಸೆಟ್ಟಿಂಗ್ಸ್‌ನಲ್ಲಿ ಬರೆದರೆ ಸಾಕು.

ಅದೇ ಡೊಮೇನಿನ ವೆಬ್‌ಸೈಟ್ ಸರಿಯಾಗಿ ತೆರೆದು ಮೇಲ್ ಮಾತ್ರ ಕೈಕೊಟ್ಟರೆ ದೋಷ ಬಹುಪಾಲು ಸರ್ವರ್‌ನದೇ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ನೀಡುವ ಪತ್ರಗಳ ವಾಡಿಕೆಯ ಅವಧಿ 90 ದಿನ. ಪತ್ರ ತಾನಾಗಿ ನವೀಕರಣಗೊಂಡರೂ ಪೋಸ್ಟ್‌ಫಿಕ್ಸ್, ಡವ್‌ಕಾಟ್‌ನಂಥ ಮೇಲ್ ಸರ್ವರ್ ತಂತ್ರಾಂಶಗಳನ್ನು ರೀಲೋಡ್ ಮಾಡದಿದ್ದರೆ ಅವು ಹಳೆಯದನ್ನೇ ತೋರಿಸುತ್ತಿರಬಹುದು. ಸರ್ವರ್ ತನ್ನ ಪತ್ರವನ್ನು ನಂಬಿಕಸ್ಥ ಮೂಲಪತ್ರಕ್ಕೆ ಜೋಡಿಸುವ ಮಧ್ಯಂತರ ಪತ್ರ ಕಳಿಸದಿದ್ದಾಗ ಅನೇಕ ಬ್ರೌಸರ್‌ಗಳು ಅದನ್ನು ತಾವೇ ಹುಡುಕಿಕೊಳ್ಳುತ್ತವೆ. ಮೇಲ್ ಆ್ಯಪ್‌ಗಳಲ್ಲಿ ಹಲವಕ್ಕೆ ಆ ಜಾಣ್ಮೆಯಿಲ್ಲ. ಐಮ್ಯಾಪ್‌ನ 993, ಎಸ್‌ಎಂಟಿಪಿಯ 465 ಮತ್ತು 587 ಪೋರ್ಟ್‌ಗಳನ್ನು ಓಪನ್‌ಎಸ್‌ಎಸ್‌ಎಲ್ ಉಪಕರಣದಿಂದ ಬೇರೆಬೇರೆಯಾಗಿ ಪರೀಕ್ಷಿಸುವುದು ಲೇಸು.

ಸಾಧನ ಹಳೆಯದಾದರೂ ತೊಡಕು ಬರುತ್ತದೆ. ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ, ಓಪನ್‌ಎಸ್‌ಎಸ್‌ಎಲ್ 1.0.2 ನೆಚ್ಚಿದ ಅನೇಕ ತಂತ್ರಾಂಶಗಳು ಲೆಟ್ಸ್ ಎನ್‌ಕ್ರಿಪ್ಟ್‌ನ ಸರಿಯಾದ ಪತ್ರಗಳನ್ನೂ ನಿರಾಕರಿಸಿದವು.

'ಎಲ್ಲ ಪ್ರಮಾಣಪತ್ರಗಳನ್ನೂ ಒಪ್ಪಿಕೊಳ್ಳಿ' ಎಂಬ ಆಯ್ಕೆ ಪರಿಹಾರವಲ್ಲ, ಅಪಾಯ. ಸಾರ್ವಜನಿಕ ವೈಫೈನಲ್ಲಿ ನಡುವೆ ನಿಂತವನಿಗೆ ಅದರಿಂದ ಪಾಸ್‌ವರ್ಡೇ ಸಿಕ್ಕಿಬಿಡಬಹುದು.