ಜಾಫ್ನಾದ ಮೇಯರ್ ಕುರ್ಚಿ

ಚರಂಡಿ, ಬೀದಿದೀಪ, ಮನೆಗಂದಾಯ - ಮೇಯರ್ ಎಂದರೆ ನೆನಪಾಗುವ ಕೆಲಸಗಳು ಇವೇ. ಶ್ರೀಲಂಕಾದ ಉತ್ತರ ತುದಿಯ ತಮಿಳು ಪಟ್ಟಣ ಜಾಫ್ನಾದಲ್ಲಿ ಆ ಕುರ್ಚಿಗೆ ಪ್ರಾಣವನ್ನೇ ತೆರಬೇಕಾಯಿತು. 1975ರಲ್ಲಿ ಮೇಯರ್ ಆಲ್‌ಫ್ರೆಡ್ ದುರೈಯಪ್ಪ ದೇವಸ್ಥಾನಕ್ಕೆ ಬಂದಿದ್ದಾಗ ಗುಂಡಿಗೆ ಬಲಿಯಾದರು. ಆಳುವ ಪಕ್ಷದಲ್ಲಿದ್ದುದೇ ಉಗ್ರರ ಕಣ್ಣಿಗೆ ಅವರ ಅಪರಾಧ.

1983ರಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಹದಿನೈದು ವರ್ಷ ನಗರಸಭೆಗೆ ಚುನಾವಣೆಯೇ ಇಲ್ಲ. 1998ರಲ್ಲಿ ಮತದಾನ ನಡೆದು ಸರೋಜಿನಿ ಯೋಗೇಶ್ವರನ್ ಪಟ್ಟಣದ ಮೊದಲ ಮಹಿಳಾ ಮೇಯರ್ ಆದರು. ಸಂಸದರಾಗಿದ್ದ ಪತಿಯನ್ನು 1989ರಲ್ಲೇ ಹುಲಿಗಳು ಕೊಂದಿದ್ದರು. ಆದರೂ ಆಕೆ ಹಿಂಜರಿಯಲಿಲ್ಲ. ಮೇ ತಿಂಗಳಲ್ಲಿ ಮನೆಯಲ್ಲೇ ಅವರ ಹತ್ಯೆಯಾಯಿತು. ಅವರ ಸ್ಥಾನಕ್ಕೆ ಬಂದ ಪೊನ್ ಶಿವಪಾಲನ್ ಸೆಪ್ಟೆಂಬರ್‌ನಲ್ಲಿ ನಗರಸಭೆಯ ಕಟ್ಟಡದಲ್ಲೇ ಬಾಂಬಿಗೆ ಬಲಿಯಾದರು.

1981ರಲ್ಲಿ ಸುಟ್ಟುಹೋಗಿದ್ದ ನಗರಸಭೆಯ ಗ್ರಂಥಾಲಯವನ್ನು 2003ರಲ್ಲಿ ಮತ್ತೆ ತೆರೆಯಲು ಹೊರಟಾಗ ಹುಲಿಗಳ ವಿರೋಧ ಬಂತು. ಮೇಯರ್ ಮತ್ತು ಸದಸ್ಯರು ರಾಜೀನಾಮೆಯಿತ್ತರು. ಈ ಸಲ, ಸದ್ಯ, ಮೇಯರ್ ಬದುಕಿ ಮನೆಗೆ ಹೋದರು.