ಉಕ್ಕಿ ಹೋಗುವ ವರ್ಟ್: ಬರ್ಟನ್ ಪೀಪಾಯಿಗಳಿಂದ ಮನೆಯ ಜಾಡಿಯವರೆಗೆ

ಮಾಲ್ಟ್ ಮಾಡಿದ ಬಾರ್ಲಿಯ ಸಿಹಿ ಸಾರಕ್ಕೆ ಬಿಯರ್ ತಯಾರಕರು ವರ್ಟ್ ಎನ್ನುತ್ತಾರೆ. ಜಾಡಿಗೆ ಸುರಿದ ವರ್ಟ್ ಎಷ್ಟು, ಕೊನೆಗೆ ಬಾಟಲಿಗೆ ಇಳಿದ ಬಿಯರ್ ಎಷ್ಟು ಎಂದು ಅಳೆದು, ನಡುವಿನ ಕೊರತೆಯನ್ನು ‘ನಷ್ಟ’ ಎಂದು ಒಟ್ಟಾಗಿ ಬರೆದಿಡುವುದು ಮನೆತಯಾರಕರ ರೂಢಿ. ಈ ಕೊರತೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ: ನೊರೆಯ ಜೊತೆ ಮೇಲಿನಿಂದ ಹೊರಹೋಗುವುದು ಒಂದು, ತಳದ ಗಸಿಯಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಬಹುಮಟ್ಟಿಗೆ ತಡೆಯಬಹುದು. ಎರಡನೆಯದನ್ನು ಪೂರ್ತಿ ತಡೆಯಲಾಗದು, ಮೊದಲೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಈ ಲೇಖನದ ವಾದ.

12 ಡಿಗ್ರಿ ಪ್ಲೇಟೋ, ಅಂದರೆ ತೂಕದಲ್ಲಿ ಶೇ. 12ರಷ್ಟು ಸತ್ವ ಕರಗಿರುವ ಸಾಂದ್ರತೆಯ 20 ಲೀಟರ್ ವರ್ಟಿನಲ್ಲಿ ಸುಮಾರು ಎರಡೂವರೆ ಕಿಲೋ ಸಕ್ಕರೆ ಮತ್ತಿತರ ಕರಗಿದ ಸತ್ವ ಇರುತ್ತದೆ. ಅದರ ಮೂರನೇ ಎರಡು ಭಾಗದಷ್ಟು ಹುದುಗಿದರೂ ಕೋಣೆಯ ಉಷ್ಣಾಂಶದಲ್ಲಿ 400 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರಬೇಕು. ಹೆಚ್ಚಿನ ಪಾಲು ಹೊರಡುವುದು ಮೊದಲ ಎರಡು ಮೂರು ದಿನಗಳಲ್ಲೇ. ವರ್ಟಿನ ಪ್ರೋಟೀನು ಮತ್ತು ಕಹಿಗಾಗಿ ಸೇರಿಸುವ ಹೂವಾದ ಹಾಪ್ಸ್‌ನ ಕಹಿ ಆಮ್ಲಗಳು ಆ ಗುಳ್ಳೆಗಳನ್ನು ಒಡೆಯಗೊಡುವುದಿಲ್ಲ. ಉಷ್ಣಾಂಶ ಏರಿದಷ್ಟೂ, ಜಾಡಿ ತುಂಬಿದಷ್ಟೂ ಒಲೆಯ ಮೇಲಿನ ಹಾಲಿನಂತೆ ನೊರೆ ಉಕ್ಕುತ್ತದೆ.

ಈ ಸಮಸ್ಯೆಗೆ ಇತಿಹಾಸದಲ್ಲಿ ಸಿಕ್ಕ ಅತ್ಯಂತ ಜಾಣ ಉತ್ತರ ಇಂಗ್ಲೆಂಡಿನ ಬರ್ಟನ್-ಅಪಾನ್-ಟ್ರೆಂಟ್ ಊರಿನದು. 1838ರಲ್ಲಿ ಪೀಟರ್ ವಾಕರ್ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದ ‘ಬರ್ಟನ್ ಯೂನಿಯನ್’ ಪದ್ಧತಿಯಲ್ಲಿ ಓಕ್ ಮರದ ದೊಡ್ಡ ಪೀಪಾಯಿಗಳು ಸಾಲಾಗಿ ಮಲಗಿರುತ್ತವೆ. ಪ್ರತಿ ಪೀಪಾಯಿಯ ನೆತ್ತಿಯಿಂದ ಹಂಸದ ಕತ್ತಿನಂತೆ ಬಾಗಿದ ಕೊಳವೆಯೊಂದು ಮೇಲೇರಿ, ಸಾಲಿನುದ್ದಕ್ಕೂ ಚಾಚಿದ ತೊಟ್ಟಿಗೆ ಬಾಯಿ ತೆರೆಯುತ್ತದೆ. ಉಕ್ಕಿದ ನೊರೆ ಅಲ್ಲಿ ಬಿದ್ದು ಇಳಿಯುತ್ತದೆ. ತಿಳಿಯಾದ ಬಿಯರ್ ಮತ್ತೆ ಪೀಪಾಯಿಗಳಿಗೆ ಹರಿಯುತ್ತದೆ, ಯೀಸ್ಟ್ ತೊಟ್ಟಿಯಲ್ಲೇ ಉಳಿಯುತ್ತದೆ. ಅದೇ ಯೀಸ್ಟ್ ಮುಂದಿನ ಹುದುಗಿಗೆ ಬಳಕೆಯಾಗುತ್ತಿತ್ತು. ಬಿಯರ್ ಕಾರ್ಖಾನೆಗಳ ಹೆಚ್ಚುವರಿ ಯೀಸ್ಟನ್ನು ನಂಬಿಯೇ 1902ರಲ್ಲಿ ಯೀಸ್ಟ್ ಸಾರದ ಲೇಪ ತಯಾರಿಸುವ ಮಾರ್ಮೈಟ್ ಕಂಪನಿ ಅದೇ ಊರಿನಲ್ಲಿ ಹುಟ್ಟಿತು. ಊರಿನ ಬಿಯರ್ ತಯಾರಕರಲ್ಲಿ ಬಾಸ್ ಕಂಪನಿ 1980ರ ದಶಕದಲ್ಲಿ ಯೂನಿಯನ್ ಪದ್ಧತಿಯನ್ನು ಕೈಬಿಟ್ಟಿತು, ಮಾರ್ಸ್ಟನ್ಸ್ 2024ರಲ್ಲಿ. ಮಾರ್ಸ್ಟನ್ಸ್‌ನ ಪೀಪಾಯಿಗಳ ಒಂದು ಜೋಡಣೆ ಈಗ ಡರ್ಬಿಶೈರಿನ ಥಾರ್ನ್‌ಬ್ರಿಜ್ ಕಾರ್ಖಾನೆಯಲ್ಲಿದೆ.

ಅಮೆರಿಕದ ಮನೆತಯಾರಕರು ಬಳಸುವ ಬ್ಲೋ-ಆಫ್ ಕೊಳವೆ ಈ ಉಪಾಯದ ಅರ್ಧವನ್ನಷ್ಟೇ ಮಾಡುತ್ತದೆ. ಐದು ಗ್ಯಾಲನ್, ಅಂದರೆ 19 ಲೀಟರಿನ ಗಾಜಿನ ಜಾಡಿಯನ್ನು ಕುತ್ತಿಗೆಯವರೆಗೆ ತುಂಬಿ, ದಪ್ಪ ಕೊಳವೆಯ ಇನ್ನೊಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತಾರೆ. ನೊರೆ ಹೊರಹೋಗುತ್ತದೆ, ಮರಳಿ ಬರುವ ದಾರಿ ಮಾತ್ರ ಇಲ್ಲ. ಒಂದೆರಡು ಲೀಟರ್ ಹೀಗೆ ಕೈಬಿಟ್ಟರೆ ಅಚ್ಚರಿಯಿಲ್ಲ. ಜೊತೆಗೆ ಕಹಿ ಆಮ್ಲಗಳು ನೊರೆಯಲ್ಲೇ ಸಾಂದ್ರವಾಗುವುದರಿಂದ ಬಿಯರಿನ ಕಹಿಯೂ ಇಳಿಯುತ್ತದೆ, ಲೋಟದಲ್ಲಿ ನೊರೆ ನಿಲ್ಲಿಸಬೇಕಾದ ಪ್ರೋಟೀನೂ ಕಡಿಮೆಯಾಗುತ್ತದೆ. ಒರಟು ಕಹಿ ತೊಲಗುತ್ತದೆಂದು ಇದನ್ನು ಸಮರ್ಥಿಸುವವರಿದ್ದಾರೆ. ಆದರೆ ಎಷ್ಟು ಹೋಗಬೇಕೆಂಬುದು ತಯಾರಕನ ಹಿಡಿತದಲ್ಲಿ ಇಲ್ಲದಿರುವಾಗ ಅದನ್ನು ವಿಧಾನವೆಂದು ಕರೆಯುವುದು ಕಷ್ಟ.

ಹಾಗಾದರೆ ಕೊಳವೆಯೇ ಬೇಡವೇ? ಬೇಕು, ಸುರಕ್ಷತೆಗಾಗಿ. ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಸಣ್ಣ ಏರ್‌ಲಾಕಿನ ಕಿಂಡಿಯಲ್ಲಿ ಹಾಪ್ಸ್ ಚೂರು ಸಿಕ್ಕಿಕೊಂಡರೆ ಒಳಗಿನ ಒತ್ತಡಕ್ಕೆ ಮುಚ್ಚಳ ಹಾರಿ ಗೋಡೆಯೆಲ್ಲ ಕಂದಾಗುತ್ತದೆ. ನಷ್ಟ ತಡೆಯುವುದು ಮಾತ್ರ ಮೇಲಿನ ಖಾಲಿ ಜಾಗ. ಜಾಡಿಯ ಐದನೇ ಒಂದು ಭಾಗವಾದರೂ ಖಾಲಿ ಇರಬೇಕು. ಮೊದಲ ಮೂರು ದಿನ ಉಷ್ಣಾಂಶವನ್ನು ಆ ಯೀಸ್ಟಿಗೆ ಹೇಳಿದ ಮಿತಿಯ ಕೆಳತುದಿಯಲ್ಲಿ ಹಿಡಿದಿಡಬೇಕು. ಸಿಲಿಕೋನ್ ಆಧಾರಿತ ನೊರೆನಿರೋಧಕದ ಕೆಲವು ಹನಿಗಳೂ ಕೆಲಸ ಮಾಡುತ್ತವೆ.

ಗಸಿಯ ಮಾತು ಬೇರೆ. ಯೀಸ್ಟ್, ಪ್ರೋಟೀನು, ಹಾಪ್ಸ್ ಸೇರಿ ತಳದಲ್ಲಿ ಕೂರುವ ಪದರ ತನ್ನ ಪಾಲಿನ ದ್ರವವನ್ನು ಬಿಟ್ಟುಕೊಡುವುದಿಲ್ಲ; ಹುದುಗುವಾಗ ಸೇರಿಸಿದ 100 ಗ್ರಾಂ ಹಾಪ್ಸ್ ಅರ್ಧ ಲೀಟರನ್ನಾದರೂ ಹೀರಿಕೊಳ್ಳುತ್ತದೆ. ಕೊನೆಯಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಪದರ ಬಿಗಿಯಾಗಿ ಕೂರುತ್ತದೆ. ತಣಿಸುವಾಗ ಜಾಡಿಯೊಳಗಿನ ಅನಿಲ ಕುಗ್ಗಿ ಬಕೆಟ್ಟಿನ ನೀರನ್ನು ಒಳಗೆಳೆದುಕೊಳ್ಳುವುದರಿಂದ ಅದಕ್ಕೆ ಮೊದಲು ಕೊಳವೆಯನ್ನು ತೆಗೆದು ಬಾಯಿ ಮುಚ್ಚಿರಬೇಕು.

ಬಾಟಲಿಗೆ 19 ಲೀಟರ್ ಬೇಕೆನ್ನುವವರು 21 ಲೀಟರ್ ವರ್ಟ್ ತಯಾರಿಸಿ, 27 ಲೀಟರಿಗೆ ಕಡಿಮೆಯಿಲ್ಲದ ಜಾಡಿಯಲ್ಲಿ ಹುದುಗಿಸಲಿ. ನೊರೆಯ ನಷ್ಟವನ್ನೂ ಗಸಿಯ ನಷ್ಟವನ್ನೂ ಬೇರೆ ಬೇರೆ ಬರೆದಿಡಲಿ.